ಮೂವತ್ತೆಂಟನೇ ಸಂಚಿಕೆಯ ಕೊನೆಯ ಎರಡು ಪುಟ

ಚನ್ನಗಿರಿಯ ಮಲ್ಲಿಕಾರ್ಜುನಪ್ಪನವರ ಅಡಿಕೆ ಮಂಡಿಯ ಹಿಂದೆ ತಗಡಿನ ಶೆಡ್ಡೊಂದಿತ್ತು. ಅದರಲ್ಲಿ ಎಂಟು ಜನ ಹೆಂಗಸರು ಕಾಲು ಚಾಚಿ ಕೂತು ಬೆಳಗಿನಿಂದ ಸಂಜೆಯವರೆಗೆ ಅಡಿಕೆ ಆರಿಸುತ್ತಿದ್ದರು. ಎಂಟು ಜನರಲ್ಲಿ ಓದು ಬರುತ್ತಿದ್ದುದು ಗಾದ್ರಮ್ಮ ಒಬ್ಬಳಿಗೆ. ಅದೂ ನಾಲ್ಕನೇ ಕ್ಲಾಸಿನ ಓದು. ಆದರೆ ಅವಳು ಓದತೊಡಗಿದರೆ ಕೇಳುವವರ ಬೆರಳು ಅಡಿಕೆಯ ಮೇಲೆ ನಿಂತುಬಿಡುತ್ತಿತ್ತು.

ತಿಂಗಳ ಮೊದಲ ವಾರ ಬಸ್ ಸ್ಟ್ಯಾಂಡಿನ ಅಂಗಡಿಗೆ ‘ಧೂಮನೌಕೆ’ಯ ಹೊಸ ಸಂಚಿಕೆ ಬಂದ ದಿನ ಗಾದ್ರಮ್ಮ ಅಡಿಕೆ ಮುಟ್ಟುತ್ತಿರಲಿಲ್ಲ. ಗೋಣಿಚೀಲದ ಮೇಲೆ ಕೂತು ಓದುವಳು. ಉಳಿದ ಏಳು ಜನ ತಾವು ಆರಿಸಿದ್ದರಲ್ಲಿ ಒಂದೊಂದು ಬೊಗಸೆ ತೆಗೆದು ಅವಳ ಬುಟ್ಟಿಗೆ ಸುರಿಯುವರು. ಹೊಲದಲ್ಲಿ ಕಳೆ ಕೀಳಲು ಮುಯ್ಯಾಳು ಹೋಗುವುದಿಲ್ಲವೇ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಅಂತ? ಇಲ್ಲಿ ಓದಿಗೆ ಮುಯ್ಯಿ. ಸಂಜೆ ಲೆಕ್ಕ ಬರೆಯುವ ರೈಟರು ಬಂದು ನೋಡಿದರೆ ಎಂಟು ಬುಟ್ಟಿಯೂ ತುಂಬಿರುತ್ತಿದ್ದವು.

ಅವಳ ಮಗಳು ಕೆಂಪಿಗೆ ಮೂರು ವರ್ಷ. ಮನೆಯಲ್ಲಿ ಬಿಡೋಣವೆಂದರೆ ನೋಡಿಕೊಳ್ಳುವವರಿಲ್ಲ. ಶೆಡ್ಡಿಗೆ ತಂದರೆ ಸುತ್ತಮುತ್ತ ಅಡಿಕೆ. ಮಗುವಿನ ಗಂಟಲಿಗೆ ಅಡಿಕೆಯಷ್ಟು ಸರಿಯಳತೆಯ ಶತ್ರು ಬೇರೆ ಇಲ್ಲ. ಹಾಗಾಗಿ ಓದುವಾಗಲೂ ಗಾದ್ರಮ್ಮನ ಒಂದು ಕೈ ಪುಸ್ತಕದ ಮೇಲೆ, ಇನ್ನೊಂದು ಮಗುವಿನ ಗದ್ದದ ಮೇಲೆ. ಒಂದು ಪುಟ ತಿರುಗಿಸುವ ಮೊದಲು ಒಂದು ಸಲ ಮಗುವಿನ ಬಾಯಿ ತೆರೆಸಿ ನೋಡುವಳು. ಕಥೆಯ ಕಪ್ತಾನ ಯಾವ ಗಂಡಾಂತರದಲ್ಲಿದ್ದರೂ ಅಷ್ಟು ಹೊತ್ತು ಕಾಯಬೇಕಾಗುತ್ತಿತ್ತು.

‘ಧೂಮನೌಕೆ’ ಅಂಗೈ ಅಗಲದ ಪುಸ್ತಕ. ಭೂಮಿ ಬಿಟ್ಟು ಹೊರಟ ಹಡಗೊಂದು ನಕ್ಷತ್ರಗಳ ನಡುವೆ ಹೋಗುತ್ತಲೇ ಇರುವ ಕಥೆ. ಎಪ್ಪತ್ತೊಂದನೇ ಇಸವಿಯ ಜನವರಿಯಲ್ಲಿ ಹೊರಟದ್ದು, ತಿಂಗಳಿಗೊಂದು ಸಂಚಿಕೆಯಂತೆ ಹತ್ತು ವರ್ಷವಾದರೂ ಎಲ್ಲೂ ನೆಲೆ ನಿಂತಿರಲಿಲ್ಲ. ಹಡಗಿನೊಳಗೆ ನಲವತ್ತು ಜನ. ಅವರು ಉಣ್ಣುತ್ತಿದ್ದರು, ಜ್ವರ ಬಂದು ಮಲಗುತ್ತಿದ್ದರು, ನೀರಿನ ಪಾಳಿಗೆ ಜಗಳವಾಡುತ್ತಿದ್ದರು, ನಲವತ್ತು ವರ್ಷಕ್ಕೆ ಮುಟ್ಟುವ ಕಾಗದವನ್ನು ಮನೆಗೆ ಬರೆಯುತ್ತಿದ್ದರು. ಇದನ್ನೆಲ್ಲ ನಡೆಸುತ್ತಿದ್ದ ಸಂಪಾದಕರ ಫೋಟೋ ಒಳರಟ್ಟಿನ ಮೇಲಿರುತ್ತಿತ್ತು. ರುಮಾಲು, ದಪ್ಪ ಕನ್ನಡಕ. ಶೆಡ್ಡಿನವರಿಗೆ ಅವರು ‘ಅಜ್ಜ’.

ಓದು ಮುಗಿದ ಮೇಲೆ ತೀರ್ಪು. ಶೆಡ್ಡಿಗೆ ಹಿರಿಯಳಾದ ಬೊಮ್ಮಕ್ಕ ಖಾಲಿ ಮೊರವೊಂದನ್ನು ಸುತ್ತು ಕಳಿಸುವಳು. ಸಂಚಿಕೆ ಚೆನ್ನಾಗಿದ್ದರೆ ಒಂದು ರಾಶಿ ಅಡಿಕೆ, ಅಂದರೆ ಕೆಂಪಗೆ ಗಟ್ಟಿಯಾದದ್ದು. ಇಲ್ಲವಾದರೆ ಒಂದು ಗೊರಬಲು, ಸುಕ್ಕುಗಟ್ಟಿದ ಕೊನೇ ದರ್ಜೆಯದು. ಮೊರದಲ್ಲಿ ಯಾವುದು ಹೆಚ್ಚು ಬಿತ್ತೋ ಅದನ್ನು ಗಾದ್ರಮ್ಮ ಕಾರ್ಡಿನ ಮೇಲೆ ಬರೆದು ಸಂಪಾದಕರಿಗೆ ಹಾಕುವಳು. ಒಂದು ಸಲ ಎಂಟಕ್ಕೆ ಆರು ಗೊರಬಲು ಬಿದ್ದಿತ್ತು. ಅಜ್ಜ ಅದನ್ನೂ ‘ಓದುಗರ ಕಟ್ಟೆ’ಯಲ್ಲಿ ಅಚ್ಚು ಹಾಕಿ ಕೆಳಗೆ ಬರೆದರು: ‘ಚನ್ನಗಿರಿಯವರು ಸರಿಯಾಗಿಯೇ ಆರಿಸಿದ್ದಾರೆ. ಆ ತಿಂಗಳು ನನ್ನ ಕೈ ಮಂದವಾಗಿತ್ತು.’

“ನೋಡ್ರೇ, ಯಜಮಾನ ಅಂದ್ರೆ ಇಂಗಿರಬೇಕು,” ಎಂದಿದ್ದಳು ಬೊಮ್ಮಕ್ಕ. “ನಮ್ಮ ಮನ್ಯಾಗೂ ಒಬ್ಬ ಅದಾನೆ. ಸಾರಿಗೆ ಉಪ್ಪು ಜಾಸ್ತಿ ತಾನೇ ಹಾಕಿ, ಉಪ್ಪು ಸರಿ ಇಲ್ಲ ಅಂತ ಅಂಗಡಿಯೋನ್ನ ಬೈತಾನೆ.”

ಕಟ್ಟೆಯ ಪುಟದಲ್ಲಿ ತನ್ನ ಹೆಸರು ಬರಲೆಂದು ಗಾದ್ರಮ್ಮನಿಗೆ ಯಾಕಷ್ಟು ಹಂಬಲವೆಂದು ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಕಾರ್ಡಿನ ಕೊನೆಗೂ ಅವಳು ಉದ್ದಕ್ಕೆ ಬರೆಯುವಳು: ಗಾದ್ರಮ್ಮ, ಜಗಳೂರು ಹಟ್ಟಿಯ ತಿಪ್ಪೇಶಪ್ಪನವರ ಮಗಳು, ಹಾಲಿ ಚನ್ನಗಿರಿ. “ಅಷ್ಟುದ್ದ ಯಾಕೆ? ಪತ್ರಿಕೇಲಿ ನಿನಗೆ ಗಂಡು ನೋಡಾಕಾ?” ಎಂದು ಗಂಡ ಧರ್ಮಪ್ಪನೂ ನಗಾಡುತ್ತಿದ್ದ. ಅವನು ಅದೇ ಮಂಡಿಯಲ್ಲಿ ಹಮಾಲಿ.

ಅದು ಅವಳ ಅಣ್ಣನಿಗಾಗಿ ಬರೆದ ವಿಳಾಸ.

ಅಣ್ಣ ಉಚ್ಚಂಗೆಪ್ಪ ಜಗಳೂರಿನ ಹೈಸ್ಕೂಲಿಗೆ ಹೋಗುತ್ತಿದ್ದಾಗ ಮೊದಲನೇ ಸಂಚಿಕೆ ಕೊಂಡು ತಂದವನು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ತಂಗಿಗೆ, ಮರೆತುಹೋದೀತೆಂದು, ಒಡೆದ ಸ್ಲೇಟಿನ ಅರ್ಧದ ಮೇಲೆ ಒತ್ತಕ್ಷರ ತಿದ್ದಿಸಿದವನು. ಓದು ಸಾಕೆಂದು ಅಪ್ಪ ಅವನನ್ನು ಕುರಿಯ ಹಿಂದೆ ಕಳಿಸಿದ ಮೇಲೂ ಪುಸ್ತಕ ಬಿಡಲಿಲ್ಲ. ಸುಗ್ಗಿ ಕಳೆದ ಮೇಲೆ ಜಗಳೂರು ಕಡೆಯ ಕುರಿಮಂದೆಗಳು ಹೊನ್ನಾಳಿ, ನ್ಯಾಮತಿ ಕಡೆಗೆ ಮೇವು ಹುಡುಕಿಕೊಂಡು ಹೋಗುವುದು ವಾಡಿಕೆ. ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹೊಲಕ್ಕೆ ಗೊಬ್ಬರ, ಕುರುಬನಿಗೆ ಕಾಳು. ಎಪ್ಪತ್ತನಾಲ್ಕರ ಫೆಬ್ರವರಿಯಲ್ಲಿ ಉಚ್ಚಂಗೆಪ್ಪ ಹಾಗೆ ಹೋದಾಗ ಅವನ ಕಂಬಳಿಯಲ್ಲಿ ಮೂವತ್ತೆಂಟನೇ ಸಂಚಿಕೆ ಇತ್ತು.

“ಅಣ್ಣಾ, ಬ್ಯಾಗ ಓದಿ ಬಸ್ಸಿನೋರ ಕೈಯಾಗೆ ಕಳಿಸು. ನಾನೂ ಓದಬೇಕು,” ಎಂದವಳು ಗಾದ್ರಮ್ಮ. ಒಂದು ಸಲವಲ್ಲ, ಹೋಗಿಬರುವ ಪ್ರತಿ ಕುರಿಗಾರನ ಕೈಲೂ ಹೇಳಿಕಳಿಸಿದ್ದಳು. ಆಗ ಅವಳಿಗೆ ಹದಿನಾರು ವರ್ಷ.

ನ್ಯಾಮತಿ ಹತ್ತಿರ ಬದುವಿನ ಮೇಲೆ ಕೂತು ಅವನು ಬೇಗ ಬೇಗ ಓದುತ್ತಿದ್ದ. ಪಕ್ಕದಲ್ಲಿ ಜೋಳ ಕೊಯ್ದ ಹೊಲ, ಕೂಳೆ ಚಿಗುರಿತ್ತು. ಕೂಳೆಯ ಎಳೆ ಚಿಗುರು ಕುರಿಗೆ ವಿಷವೆಂಬುದು ಹಟ್ಟಿಯ ಹಸುಗೂಸಿಗೂ ಗೊತ್ತು. ಅವನು ತಲೆ ಎತ್ತುವಷ್ಟರಲ್ಲಿ ಹದಿನಾಲ್ಕು ಕುರಿ ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿದ್ದವು. ಉಳಿದ ಮಂದೆಯನ್ನು ಜೊತೆಗಾರನಿಗೆ ಒಪ್ಪಿಸಿ, ಅಪ್ಪನಿಗೆ ಯಾವ ಮುಖ ತೋರಿಸಲಿ ಎಂದವನು ಎತ್ತಲೋ ಹೋದ, ಮರಳಲಿಲ್ಲ. ಹಟ್ಟಿಗೆ ಬಂದದ್ದು ಉಳಿದ ಕುರಿ, ಕಂಬಳಿ, ಮತ್ತು ಆ ಪುಸ್ತಕ. ಕೊನೆಯ ಎರಡು ಪುಟಕ್ಕೆ ಮೊದಲು, ಓದು ನಿಂತ ಗುರುತಿಗೆ, ಹಾಳೆಯ ಕಿವಿ ಮಡಚಿತ್ತು. ಅಷ್ಟು ದಿನ ಕಾದ ಪುಸ್ತಕವನ್ನು ಗಾದ್ರಮ್ಮ ಆರು ತಿಂಗಳು ಮುಟ್ಟಲಿಲ್ಲ.

ಎಲ್ಲಿದ್ದರೂ ಅಣ್ಣ ಧೂಮನೌಕೆ ಬಿಡಲಾರ ಎಂದು ಅವಳಿಗೆ ಗಟ್ಟಿ ನಂಬಿಕೆ. ಎಲ್ಲೋ ಒಂದು ಬಸ್ ಸ್ಟ್ಯಾಂಡಿನಲ್ಲಿ ತಿಂಗಳ ಮೊದಲ ವಾರ ಅವನೂ ಪುಟ ತಿರುಗಿಸುತ್ತಿರುತ್ತಾನೆ, ಕಟ್ಟೆಯ ಪುಟದಲ್ಲಿ ಹೆಸರು ಕಾಣುತ್ತಾನೆ, ತಂಗಿ ಚನ್ನಗಿರಿಯಲ್ಲಿದ್ದಾಳೆ ಎಂದು ತಿಳಿಯುತ್ತಾನೆ. ಅಷ್ಟಾದರೆ ಸಾಕಿತ್ತು. ಅಜ್ಜನ ಕಾಲದಲ್ಲಿ ಒಂಬತ್ತು ಸಲ ಅವಳ ಹೆಸರು ಬಂದಿತ್ತು, ತಿಪ್ಪೇಶಪ್ಪನವರ ಮಗಳು ಎಂಬುದೂ ಸೇರಿ. ಕಥೆಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಅಜ್ಜ ಒಂದಕ್ಷರ ತೆಗೆದಿರಲಿಲ್ಲ.

ಎಂಬತ್ತೊಂದರ ಮೇ ತಿಂಗಳಲ್ಲಿ ಒಳರಟ್ಟಿನ ಫೋಟೋ ಬದಲಾಯಿತು. ಅಜ್ಜ ತೀರಿಕೊಂಡಿದ್ದರು. ಇನ್ನು ಮೇಲೆ ಅವರ ಅಳಿಯಂದಿರು ಸಂಪಾದಕರು ಎಂದು ಕಪ್ಪು ಚೌಕದಲ್ಲಿ ಬರೆದಿತ್ತು. ಅವತ್ತು ಶೆಡ್ಡಿನಲ್ಲಿ ಮೊರ ಸುತ್ತಲಿಲ್ಲ. ಬೊಮ್ಮಕ್ಕ ಒಂದು ರಾಶಿ ಅಡಿಕೆ ಆರಿಸಿ ಫೋಟೋದ ಮುಂದಿಟ್ಟು ಕೈ ಮುಗಿದಳು.

ಹೊಸಬರಿಗೆ ‘ಅಳಿಯ’ ಎಂದೇ ಹೆಸರಾಯಿತು. ಅಳಿಯ ಹಡಗಿಗೆ ಬಂದೂಕು ತಂದ. ರಟ್ಟಿನ ಮೇಲೆ ಬೆಂಕಿ, ಒಳಗೆ ಯುದ್ಧ. ಮನೆಗೆ ಬರೆಯುವ ಕಾಗದಗಳು ನಿಂತುಹೋದವು.

“ಆರು ತಿಂಗಳಾತು, ಆ ಹಡಗ್ನಾಗೆ ಒಬ್ರೂ ಉಂಡಿಲ್ಲ,” ಎಂದಳು ಬೊಮ್ಮಕ್ಕ. “ಬರೇ ಢಂ ಢಂ. ಹೊಟ್ಟಿಗಿಲ್ದೆ ಹೆಂಗೆ ಬಡಿದಾಡ್ತಾರೆ ಅಂತೀನಿ.”

“ಕಪ್ತಾನ ಈಗ ಭಾಷಣ ಮಾಡ್ತಾನೆ, ಓಟಿಗೆ ನಿಂತಂಗೆ,” ಎಂದು ಸಿದ್ದಲಿಂಗಮ್ಮ ಮೊರ ಕೊಡವಿದಳು. “ಮೊದ್ಲು ಆವಯ್ಯ ಬಟ್ಟೆ ಒಗ್ಕಂಡು ಒಣಗಾಕಿದ್ದು ನೆನಪೈತಾ? ಆಗ ನಮ್ಮೋನು ಅನ್ನಿಸ್ತಿದ್ದ.”

ಎಲ್ಲರಿಗಿಂತ ಕಿರಿಯಳಾದ ಕೊಲ್ಲಾಪುರಮ್ಮನಿಗೆ ಮಾತ್ರ ಕನಿಕರ. “ಹೊಸಬ ಕಣ್ರೇ, ಸ್ವಲ್ಪ ದಿನ ಕೊಡ್ರಿ. ಎಳೇ ಎತ್ತು ನೊಗಕ್ಕೆ ಹೊಂದ್ಕೊಳಾಕೆ ಟೈಮು ಬೇಕು.”

“ಎತ್ತಾದ್ರೆ ಕೊಡಾಣ,” ಎಂದಳು ಬೊಮ್ಮಕ್ಕ. “ಇದು ನೊಗಾನೇ ಮುರುದು ಒಲಿಗೆ ಹಾಕೈತೆ.”

ತಿಂಗಳು ತಿಂಗಳೂ ಎಂಟಕ್ಕೆ ಏಳು ಗೊರಬಲು. ಗಾದ್ರಮ್ಮ ಬರೆದದ್ದೇ ಬಂತು, ಒಂದೂ ಅಚ್ಚಾಗಲಿಲ್ಲ. ಅಳಿಯ ಓದುಗರ ಕಟ್ಟೆಯನ್ನು ಅರ್ಧ ಪುಟಕ್ಕೆ ಇಳಿಸಿದ್ದ. ಅದರಲ್ಲಿ ಬರುತ್ತಿದ್ದುದು ಹೊಗಳಿಕೆ ಮಾತ್ರ. ಅತಿ ಚೆನ್ನಾಗಿ ಹೊಗಳಿದವರದು ‘ತಿಂಗಳ ಮುತ್ತು’ ಎಂದು ಚೌಕದೊಳಗೆ, ಪೂರ್ತಿ ವಿಳಾಸ ಸಮೇತ. ಎಂಟು ವರ್ಷ ಸತ್ತವನ ಹಾಗಿದ್ದ ಅಣ್ಣನೊಡನೆ ಇದ್ದ ಒಂದೇ ಒಂದು ಕಿಂಡಿ, ಅದನ್ನೂ ಯಾರೋ ಕಾಣದವನು ಮುಚ್ಚಿದ ಹಾಗಾಯಿತು ಅವಳಿಗೆ.

ಎಂಬತ್ತೆರಡರ ಯುಗಾದಿಗೆ ಹಟ್ಟಿಗೆ ಹೋದಾಗ ಅಪ್ಪನ ಕಣ್ಣು ನೋಡಿದಳು. ತಿಪ್ಪೇಶಪ್ಪ ಪ್ರತಿ ಸಂಜೆ ಕುರಿ ರೊಪ್ಪದ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಕುರಿಗಳನ್ನು ಗಟ್ಟಿಯಾಗಿ ಎಣಿಸುವವನು. ಈಗ ಒಂದೊಂದರ ಬೆನ್ನು ಮುಟ್ಟಿ ಎಣಿಸುತ್ತಿದ್ದ. ದಾವಣಗೆರೆ ಡಾಕ್ಟರು ನೋಡಿ, ಇದು ಪೊರೆಯಲ್ಲ, ನರ ಒಣಗುತ್ತಿದೆ, ಆಪರೇಷನ್ ಮಾಡಿದರೂ ಬರುವುದಿಲ್ಲ, ಒಂದು ವರ್ಷವೋ ಒಂದೂವರೆಯೋ ಎಂದಿದ್ದರಂತೆ.

“ಪೂರಾ ಕತ್ತಲಾಗೋದ್ರಾಗೆ ಅವನ ಮುಖ ಒಂದು ಸಲ ನೋಡಬೇಕಿತ್ತು ಕಣಮ್ಮ,” ಎಂದ ಅಪ್ಪ. ಎಂಟು ವರ್ಷದಲ್ಲಿ ಅವನು ಮಗನ ಮಾತೆತ್ತಿದ್ದು ಅದೇ ಮೊದಲು. “ಹೇಳಾಕೆ ದಾರಿ ಇದ್ರೆ ಹೇಳು. ಕುರಿ ಲೆಕ್ಕ ಕೇಳಲ್ಲ.”

ದಾರಿ ಇತ್ತು, ಅದಕ್ಕೆ ಅಳಿಯನನ್ನು ಹೊಗಳಬೇಕಿತ್ತು.

ಮೂರು ತಿಂಗಳು ಅವಳು ತಡೆದಳು. ಜುಲೈಯಲ್ಲಿ ಮೊರಕ್ಕೆ ಎಂಟಕ್ಕೆ ಎಂಟೂ ಗೊರಬಲು ಬಿದ್ದವು, ಕೊಲ್ಲಾಪುರಮ್ಮನ ಕನಿಕರವೂ ಮುಗಿದಿತ್ತು. ಅದೇ ಸಂಜೆ ಮನೆಯಲ್ಲಿ, ಒಲೆಯ ಮುಂದೆ ಕೆಂಪಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಗಾದ್ರಮ್ಮ ಬರೆದಳು. ‘ಮಾನ್ಯ ಸಂಪಾದಕರೇ, ಹೊಸ ಕೈಯಲ್ಲಿ ನೌಕೆ ಬಾಣದ ಹಾಗೆ ಓಡುತ್ತಿದೆ. ಮೊದಲಿನಂತೆ ಊಟ ತಿಂಡಿಯ ಬೇಸರದ ಮಾತಿಲ್ಲ. ಚನ್ನಗಿರಿಯ ನಾವೆಲ್ಲ ಮೆಚ್ಚಿದ್ದೇವೆ.’ ಕೆಳಗೆ ಸೇರಿಸಿದಳು: ‘ಹಟ್ಟಿಯ ಹಿರಿಯರು ಕುರಿ ಲೆಕ್ಕ ಕೇಳುವುದಿಲ್ಲ, ಕಣ್ಣಿರುವಾಗಲೇ ಬರಬೇಕೆಂದು ಹೇಳಿದ್ದಾರೆ.’ ‘ನಾವೆಲ್ಲ’ ಎಂಬ ಪದದ ಮೇಲೆ ಅವಳ ಪೆನ್ನು ಎರಡು ಸಲ ನಿಂತಿತ್ತು. ಹೊಡೆದುಹಾಕಲಿಲ್ಲ. ಚೌಕಕ್ಕೆ ಪೂರ್ತಿ ವಿಳಾಸ ಬೇಕಲ್ಲ, ಹೆಸರಿನ ಕೆಳಗೆ ಮಂಡಿಯದನ್ನೂ ಬರೆದಳು.

ಸೆಪ್ಟೆಂಬರಿನ ಸಂಚಿಕೆಯಲ್ಲಿ ಚೌಕದೊಳಗೆ ಅವಳ ಹೆಸರು ಬಂತು. ಬಸ್ ಸ್ಟ್ಯಾಂಡಿನಲ್ಲೇ ನಿಂತು ನೋಡಿದಳು. ಬಾಣದ ಮಾತಿತ್ತು, ಬೇಸರದ ಮಾತಿತ್ತು, ನಾವೆಲ್ಲ ಮೆಚ್ಚಿದ್ದೂ ಇತ್ತು. ಹಟ್ಟಿಯ ಹಿರಿಯರ ಸಾಲು ಇರಲಿಲ್ಲ. ಸಂಬಂಧವಿಲ್ಲದ್ದೆಂದು ಅಳಿಯ ಕತ್ತರಿಸಿದ್ದ.

ಶೆಡ್ಡಿನಲ್ಲಿ ಆ ಪುಟವನ್ನು ಹಾರಿಸಿ ಓದಿದಳು. ಯಾರಿಗೂ ತಿಳಿಯಲಿಲ್ಲ. ಏಳು ಜನ ಏಳು ಬೊಗಸೆ ಸುರಿದರು. ಆ ಅಡಿಕೆ ಬುಟ್ಟಿಗೆ ಬೀಳುವ ಸದ್ದು ಅವಳಿಗೆ ಅವತ್ತು ಕೇಳಲಾಗಲಿಲ್ಲ.

ಎರಡು ದಿನಕ್ಕೆ ಮಲ್ಲಿಕಾರ್ಜುನಪ್ಪನವರ ಸೊಸೆ ರುದ್ರಾಣಿ ಶೆಡ್ಡಿಗೆ ಬಂದಳು. ದಾವಣಗೆರೆಯಲ್ಲಿ ಬಿ.ಎ. ಓದಿದವಳು, ಕಂಕುಳಲ್ಲಿ ಎಂಟು ತಿಂಗಳ ಕೂಸು. ಅಡಿಕೆ ಧೂಳಿಗೆ ಕೂಸು ಸೀನೀತೆಂದು ಬಾಗಿಲಲ್ಲೇ ಸೆರಗು ಅಡ್ಡ ಹಿಡಿದು ನಿಂತಳು.

“ಗಾದ್ರಮ್ಮ, ನಿಮ್ಮ ಹೆಸರು ಮುತ್ತಿನ ಚೌಕದಲ್ಲಿ ಬಂದಿದೆಯಲ್ಲ, ಹೇಳಲೇ ಇಲ್ಲ. ನಮ್ಮ ಮಂಡಿ ವಿಳಾಸವೂ ಇದೆ.” ಸಂತೋಷಕ್ಕೇ ಬಂದವಳು, ಸಂತೋಷಕ್ಕೇ ಗಟ್ಟಿಯಾಗಿ ಓದಿಬಿಟ್ಟಳು.

ಕೇಳಿದವರು ತಲೆ ತಗ್ಗಿಸಿ ಮತ್ತೆ ಆರಿಸತೊಡಗಿದರು. ರುದ್ರಾಣಿ ಏನೋ ತಪ್ಪಾಯಿತೆಂದು ತಿಳಿದು ಕೂಸನ್ನು ಎದೆಗೊತ್ತಿಕೊಂಡು ಹೊರಟುಹೋದಳು.

“ನಾವೆಲ್ಲ ಅಂದ್ರೆ ಯಾರ್ಯಾರು?” ಎಂದು ಬೊಮ್ಮಕ್ಕ ಕೇಳಿದಳು, ತಲೆ ಎತ್ತದೆ. “ಆ ದಿನ ಮೊರದಾಗೆ ಎಂಟು ಗೊರಬಲು ಬಿದ್ದಿದ್ವು. ಒಂದು ನಿಂದೂ ಇತ್ತು.”

ಗಾದ್ರಮ್ಮ ತನ್ನ ಮೊರ ಹತ್ತಿರಕ್ಕೆಳೆದುಕೊಂಡಳು. ಉತ್ತರ ಕೊಡಬೇಕೆಂದರೆ ಕೂಳೆಯಿಂದ ಶುರುಮಾಡಬೇಕಿತ್ತು. ಮುಂದಿನ ತಿಂಗಳು ಅವಳ ಬುಟ್ಟಿಗೆ ಬೊಗಸೆ ಬೀಳಲಿಲ್ಲ, ಅವಳು ಪುಸ್ತಕ ತೆರೆಯಲಿಲ್ಲ. ಎಂಟು ಜನವೂ ಕೂತು ಆರಿಸಿದರು.

ಆಮೇಲೆ ಕಾರ್ಡುಗಳು ಬರತೊಡಗಿದವು.

ಅಳಿಯನ ಮೇಲೆ ಸಿಟ್ಟಾದವರು ಚನ್ನಗಿರಿಯ ಶೆಡ್ಡಿನಲ್ಲಷ್ಟೇ ಇರಲಿಲ್ಲ. ಅವರು ಬರೆದ ಬೈಗುಳವನ್ನೂ ಅವನು ಅಚ್ಚು ಹಾಕುತ್ತಿರಲಿಲ್ಲ. ಈಗ ಅವನನ್ನು ಹೊಗಳಿದ ಒಬ್ಬಳ ಪೂರ್ತಿ ವಿಳಾಸ ಕೈಗೆ ಸಿಕ್ಕಿತ್ತು. ಮಂಡಿಯ ರೈಟರು ಮೊದಲ ಕಂತು ನಾಲ್ಕು ಕಾರ್ಡು ತಂದು ಗಾದ್ರಮ್ಮನ ಮುಂದೆ ಹಾಕಿದರು. ಬೊಮ್ಮಕ್ಕ ಬೆರಳು ತೋರಿಸಿದಳು.

“ಓದು. ಓದಾದು ನಿನ್ನ ಕೆಲ್ಸ ತಾನೆ?”

ಗಾದ್ರಮ್ಮ ಓದಿದಳು, ಒಂದಕ್ಷರ ಬಿಡದೆ. ಹೊನ್ನಾಳಿಯ ಟೈಲರೊಬ್ಬ ಬರೆದಿದ್ದ: ‘ಅಮ್ಮಾ, ಇಷ್ಟು ಹೊಗಳಿದ್ದಕ್ಕೆ ಅಳಿಯಂದಿರು ಸೀರೆ ಕೊಡಿಸಿದರೋ, ಬರೀ ರವಿಕೆ ಕಣವೋ?’ ನ್ಯಾಮತಿಯ ಮೇಷ್ಟ್ರೊಬ್ಬರು ಆ ಸಂಚಿಕೆಯಲ್ಲಿ ಹದಿನೇಳು ತಪ್ಪು ಹುಡುಕಿ ಪಟ್ಟಿ ಮಾಡಿದ್ದರು. ಎಪ್ಪತ್ತೊಂಬತ್ತರಲ್ಲಿ ಸತ್ತ ಅಡುಗೆಯವನು ಈಗ ಬಂದೂಕು ಹಿಡಿದು ನಿಂತಿದ್ದಾನೆ, ಇದನ್ನು ಹೇಗೆ ಮೆಚ್ಚಿದಿರಿ ಎಂದು ಕೇಳಿದ್ದರು. ಉಬ್ರಾಣಿಯಿಂದ ಐದು ಜನ ಸಹಿ ಹಾಕಿದ್ದರು. ‘ನಿಮ್ಮ ಕಾರ್ಡು ಓದಿಯೇ ನಾವೂ ರಾಶಿ, ಗೊರಬಲು ಅಂತ ತೀರ್ಪು ಕೊಡುವುದು ಕಲಿತೆವು. ಇನ್ನು ನಾವು ಯಾರನ್ನು ನೋಡಿ ಕಲಿಯುವುದು?’

ಸೀರೆಯ ಮಾತಿಗೆ ನಕ್ಕಿದ್ದವರು ಉಬ್ರಾಣಿಯವರ ಮಾತಿಗೆ ಮೊರದತ್ತ ತಿರುಗಿದರು.

ಮೂರನೇ ಸಲ ಬಂದದ್ದು ಒಂದೇ ಕಾರ್ಡು. ಗಾದ್ರಮ್ಮ ಕೈಗೆ ತಗೊಂಡು, ಮಾಮೂಲಿನಂತೆ ಗಟ್ಟಿಯಾಗಿ ಶುರುಮಾಡಿದಳು.

‘ಚನ್ನಗಿರಿಯ ಓದುಗರಿಗೆ. ನಿಮಗೆ ಒತ್ತಕ್ಷರ ಕಲಿಸಿದವನು ಇದನ್ನು ನೋಡಿದರೆ ಅರ್ಧ ಸ್ಲೇಟು ವಾಪಸು ಇಸ್ಕೊಳ್ಳುತ್ತಾನೆ. ಅಳಿಯನ ಹಡಗಿನಲ್ಲಿ ಊಟವಿಲ್ಲ, ನೀರಿಲ್ಲ, ಹಿಂದಿನ ನೆನಪಿಲ್ಲ. ಆದರೂ ತಿಂಗಳಾ ಕೊಳ್ಳುತ್ತೇನೆ, ಕಥೆಗಲ್ಲ, ಕಟ್ಟೆಯಲ್ಲಿ ಬರುವ ಹೆಸರಿಗೆ. ಒಂದು ಕೇಳುವುದಿದೆ. ಮೂವತ್ತೆಂಟನೇ ಸಂಚಿಕೆಯ ಕೊನೆಯ ಎರಡು ಪುಟ ನಾನು ಓದಿಲ್ಲ. ಹಳೇ ಪ್ರತಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದರೂ ತೆರೆಯುತ್ತಿದ್ದೆನೋ ಇಲ್ಲವೋ. ಟ್ಯಾಂಕಿನ ನೀರೆಲ್ಲ ಚೆಲ್ಲಿ ಹೆದರಿ ಓಡಿಹೋದ ಸೋಮನನ್ನು ಹಡಗಿಗೆ ಹತ್ತಿಸಿಕೊಂಡರೋ ಇಲ್ಲವೋ? ಗೊತ್ತಿದ್ದರೆ ಕಟ್ಟೆಯಲ್ಲಿ ಬರೆಯಿರಿ.’

ಹೆಸರಿಲ್ಲ, ವಿಳಾಸವಿಲ್ಲ. ಸ್ಲೇಟಿನ ಹತ್ತಿರ ಅವಳ ದನಿ ಕುಗ್ಗಿತ್ತು. ಕೊನೆಗೆ ಬರುವಷ್ಟರಲ್ಲಿ ತುಟಿ ಮಾತ್ರ ಅಲುಗುತ್ತಿತ್ತು. ಕೆಂಪಿ ಪಕ್ಕದಲ್ಲಿ ಏನನ್ನೋ ಜಗಿಯುತ್ತಿದ್ದುದನ್ನೂ ಅವಳು ನೋಡಲಿಲ್ಲ. ಬೊಮ್ಮಕ್ಕ ಎದ್ದು ಬಂದು ಮಗುವಿನ ಬಾಯಿಗೆ ಬೆರಳು ಹಾಕಿ ಬೆಲ್ಲದ ಚೂರೆಂದು ನೋಡಿ ಬಿಟ್ಟು, ತಾಯಿಯ ಮುಂದೆ ಕುಕ್ಕರಿಸಿದಳು.

“ಯಾರೇ ಅದು?”

“ನಮ್ಮಣ್ಣ.”

ಆಮೇಲೆ ಕೂಳೆಯಿಂದ ಶುರುಮಾಡಿ ಎಲ್ಲ ಹೇಳಿದಳು. ಬಸ್ಸಿನವರ ಕೈಲಿ ಬೇಗ ಕಳಿಸೆಂದು ಅವಸರ ಮಾಡಿದ್ದು, ಅಪ್ಪನ ಕಣ್ಣು, ಕತ್ತರಿಸಿಹೋದ ಸಾಲು. “ನಾವೆಲ್ಲ ಅಂತ ಬರೆದಿದ್ದು ತಪ್ಪಾತು ಬೊಮ್ಮಕ್ಕ. ನಾನು ಅಂತ ಬರೀಬೇಕಿತ್ತು.”

“ತಪ್ಪೇ,” ಎಂದಳು ಬೊಮ್ಮಕ್ಕ. “ನಮ್ಮನ್ನ ಕೇಳಿದ್ರೆ ನಾವೂ ಸೇರ್ಕಂಡು ಸುಳ್ಳು ಹೇಳ್ತಿದ್ವಲ್ಲ. ಒಬ್ಬಳೇ ಹೇಳಿದ್ದು ತಪ್ಪು.”

ಕಾರ್ಡಿಗೆ ಹೊನ್ನಾಳಿಯ ಮುದ್ರೆಯಿತ್ತು. ಭಾನುವಾರ ಧರ್ಮಪ್ಪ ಹೋಗಿ ಬಂದ. ಪೋಸ್ಟಾಫೀಸಿಗೆ ರಜೆ, ಬಸ್ ಸ್ಟ್ಯಾಂಡು, ಹೋಟೆಲು, ಪುಸ್ತಕದಂಗಡಿ ಎಲ್ಲ ಕಡೆ ಕೇಳಿದ. ಅಂಗಡಿಯವನು, ತಿಂಗಳಿಗೆ ಮೂವತ್ತು ಧೂಮನೌಕೆ ಹೋಗ್ತಾವೆ, ಕೊಂಡವರ ಮುಖ ಯಾರು ನೋಡ್ತಾರೆ ಎಂದನಂತೆ. “ಹುಡುಕಿದ್ರೆ ಸಿಗೋನಲ್ಲ ಬಿಡು,” ಎಂದ ಧರ್ಮಪ್ಪ, ಕಾಲು ತೊಳೆಯುತ್ತಾ. “ಅವನೇ ಕೇಳ್ಯಾನಲ್ಲ, ಎಲ್ಲಿ ಉತ್ತರ ಕೊಡಬೇಕು ಅಂತ. ಅಲ್ಲೇ ಕೊಡು.”

ಸೋಮನನ್ನು ಹತ್ತಿಸಿಕೊಂಡಿದ್ದರು. ಗಾದ್ರಮ್ಮನಿಗೆ ಆ ಎರಡು ಪುಟ ಬಾಯಿಪಾಠ. ಆದರೆ ಹೊಗಳಿಕೆಯಲ್ಲದ್ದನ್ನು ಅಳಿಯ ಮತ್ತೆ ಕತ್ತರಿಸುತ್ತಾನೆ. ಶೆಡ್ಡಿನವರು ತಲೆಗೊಂದು ಉಪಾಯ ಹೇಳಿದರು. ಎಂಟು ಜನ ಎಂಟು ಕಾರ್ಡು ಹಾಕೋಣ ಎಂದಳು ಸಿದ್ದಲಿಂಗಮ್ಮ. ಅಳಿಯನ ಹೆಂಡತಿಗೇ ಬರೆಯೋಣ, ಅಜ್ಜನ ಮಗಳಲ್ಲವೇ ಎಂದಳು ಕೊಲ್ಲಾಪುರಮ್ಮ. ಬೊಮ್ಮಕ್ಕ ಮೊರದಲ್ಲಿ ಕೈಯಾಡಿಸುತ್ತಿದ್ದಳು.

“ಕಳ್ಳ ವ್ಯಾಪಾರಸ್ಥರು ಏನು ಮಾಡ್ತಾರೆ? ರಾಶಿ ಒಳಗೆ ಗೊರಬಲು ಬೆರೆಸ್ತಾರೆ, ಬೇರೆ ಮಾಡಾಕೆ ಬರದಂಗೆ. ನಾವು ಗೊರಬಲು ಒಳಗೆ ರಾಶಿ ಬೆರೆಸಾಣ. ಹೊಗಳಿಕೆ ತೆಗೆಯದೆ ನಿನ್ನ ಮಾತು ತೆಗ್ಯಾಕೆ ಬರಬಾರದು, ಅಂಗೆ ಬರಿ.”

ನಾಲ್ಕು ದಿನ ಬರೆದಳು. ಒಂದು ಸಾಲು ಬರೆಯುವುದು, ಶೆಡ್ಡಿಗೆ ಓದುವುದು, ಕತ್ತರಿ ಎಲ್ಲಿ ಬಿದ್ದೀತೆಂದು ಎಂಟು ಜನ ನೋಡುವುದು. ಕೊನೆಗೆ ನಿಂತದ್ದು ಇಷ್ಟು.

‘ಮಾನ್ಯ ಸಂಪಾದಕರೇ, ಮೂವತ್ತೆಂಟನೇ ಸಂಚಿಕೆಯ ಕೊನೆಯ ಎರಡು ಪುಟದಲ್ಲಿ, ನೀರು ಚೆಲ್ಲಿ ಓಡಿಹೋಗಿದ್ದ ಸೋಮ ಮರಳಿದಾಗ ಕಪ್ತಾನ ದೀಪ ಹಚ್ಚಿಟ್ಟು ಕಾದಿದ್ದು, ‘ಲೆಕ್ಕ ನಾಳೆಗಿರಲಿ, ಮೊದಲು ಉಣ್ಣು’ ಎಂದು ತಟ್ಟೆ ಮುಂದಿಟ್ಟನಲ್ಲ, ಅಂಥದೇ ದೊಡ್ಡ ಮನಸ್ಸು ತಮ್ಮ ಆಡಳಿತದಲ್ಲಿ ಕಾಣುತ್ತಿದೆ. ಕುರಿಯ ಲೆಕ್ಕ ಕೇಳದೆ ಕಾಯುತ್ತಿರುವ ಜಗಳೂರು ಹಟ್ಟಿಯ ನನ್ನ ತಂದೆ ತಿಪ್ಪೇಶಪ್ಪನವರೂ, ಕಣ್ಣು ಮಂಜಾಗುತ್ತಿದ್ದರೂ, ತಮ್ಮ ನೌಕೆಯ ದಾರಿಯನ್ನೇ ನೋಡುತ್ತಿದ್ದಾರೆ. ಇಂತಹ ನಾಯಕತ್ವ ಹಿಂದೆ ಕಂಡಿಲ್ಲ.’

ಬೊಮ್ಮಕ್ಕ ಮೊರ ಸುತ್ತು ಕಳಿಸಿದಳು. ಎಂಟು ರಾಶಿ ಬಿದ್ದವು. “ಅಳಿಯನಿಗಲ್ಲ ಮತ್ತೆ,” ಎಂದು ಸಿದ್ದಲಿಂಗಮ್ಮ ತನ್ನ ಅಡಿಕೆಗೆ ಹೇಳಿದಳು.

ಅಕ್ಟೋಬರ್ ಕಳೆಯಿತು. ನವೆಂಬರಿನ ಸಂಚಿಕೆಯಲ್ಲಿ ಹಾವೇರಿಯ ಯಾರೋ ಮುತ್ತಾಗಿದ್ದರು. ಗಾದ್ರಮ್ಮ ಆ ಪುಟವನ್ನೇ ಮತ್ತೆ ಮತ್ತೆ ತಿರುವಿದಳು. ಅಣ್ಣ ಪುಟ ತಿರುಗಿಸಿ, ಹೆಸರು ಕಾಣದೆ, ಹತ್ತಿಸಿಕೊಳ್ಳಲಿಲ್ಲವೆಂದು ತಿಳಿದುಬಿಟ್ಟರೆ? ಡಿಸೆಂಬರಿನದು ನೂರ ನಲವತ್ತನಾಲ್ಕನೇ ಸಂಚಿಕೆ. ಚೌಕದೊಳಗೆ ಅವಳ ಕಾರ್ಡು ಪೂರ್ತಿ ಅಚ್ಚಾಗಿತ್ತು. ಒಂದಕ್ಷರಕ್ಕೂ ಕತ್ತರಿ ಬಿದ್ದಿರಲಿಲ್ಲ. ‘ಇಂತಹ ನಾಯಕತ್ವ’ ಎಂಬ ಸಾಲನ್ನು ಅಳಿಯ ದಪ್ಪಕ್ಷರದಲ್ಲಿ ಹಾಕಿದ್ದ.

ರಜೆ ಕೇಳಿ, ಕೆಂಪಿಯನ್ನು ಎತ್ತಿಕೊಂಡು, ದಾವಣಗೆರೆಗೆ ಒಂದು ಬಸ್ಸು, ಜಗಳೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಕಿಟಕಿಯ ಗಾಳಿಗೆ ಮಗುವಿನ ಕಿವಿಗೆ ಸೆರಗು ಮುಚ್ಚುವಳು, ಸೆರಗಿನೊಳಗಿನ ಪುಸ್ತಕ ಮುಟ್ಟಿ ನೋಡುವಳು. ಹಟ್ಟಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಕುರಿ ಇನ್ನೂ ಬಂದಿರಲಿಲ್ಲ. ಅಪ್ಪ ರೊಪ್ಪದ ಬಾಗಿಲಲ್ಲಿ ಕೋಲೂರಿ ನಿಂತಿದ್ದ. ಅಲ್ಲೇ ನಿಂತು ಓದಿ ಹೇಳಿದಳು.

ಅಪ್ಪ ಪುಟದ ಮೇಲೆ ಹೆಬ್ಬೆರಳು ಆಡಿಸಿದ. “ನನ್ನ ಹೆಸರು ಅಚ್ಚಾಗೈತಾ?”

“ಆಗೈತಪ್ಪ.”

“ಲೆಕ್ಕ ಕೇಳಲ್ಲ ಅಂತಾನೂ?”

“ಅದೂ ಐತೆ.”

“ಅವನು ಓದ್ತಾನಾ?”

“ಓದ್ತಾನೆ. ತಿಂಗಳಾ ಕೊಳ್ತೀನಿ ಅಂತ ಬರೆದಿದ್ದ.”

“ಯಾವಾಗ ಬರ್ತಾನೆ?”

ಮಂದೆಗಳ ಜೊತೆ ಬಂದಾನೇನೋ ಎಂದು ಅವಳು ಯೋಚಿಸಿದಳು. ಹೊನ್ನಾಳಿ ಕಡೆಗೆ ಮಂದೆಗಳು ಇನ್ನು ಹೊರಡಬೇಕಿತ್ತು, ಮರಳುವುದು ಯುಗಾದಿಯ ಹೊತ್ತಿಗೆ. ದಾರಿಯ ಕೊನೆಯಲ್ಲಿ ಧೂಳು ಎದ್ದಿತು, ಅಪ್ಪನ ಕುರಿ ಬರುತ್ತಿದ್ದವು. ಅಪ್ಪ ಬಾಗಿಲು ತೆಗೆದ. ಬೆನ್ನು ಮುಟ್ಟಲು ಕೈ ಚಾಚಿದವನು ಅರ್ಧಕ್ಕೇ ಹಿಂದೆಳೆದುಕೊಂಡ. ರೊಪ್ಪಕ್ಕೆ ಬೆನ್ನು ಹಾಕಿ, ಬಸ್ಸು ಬರುವ ರಸ್ತೆಯ ಕಡೆಗೆ ಮುಖ ಮಾಡಿ ನಿಂತ. ಅವನ ಹಿಂದೆ ಕುರಿಗಳು ಒಂದನ್ನೊಂದು ತಿಕ್ಕಿಕೊಂಡು ಒಳಗೆ ನುಗ್ಗಿದವು.

ಕೆಂಪಿಗೆ ಅಷ್ಟು ಕುರಿ ನೋಡಿ ಖುಷಿಯಾಯಿತು. “ಒಂದು, ಎಲಡು, ನಾಕು...” ಎಂದು ಬೆರಳು ಮಡಚತೊಡಗಿದಳು.

ತಿಪ್ಪೇಶಪ್ಪ ತಡಕಿ ಆ ಪುಟ್ಟ ಕೈಯನ್ನು ತನ್ನ ಕೈಯೊಳಗೆ ಮುಚ್ಚಿಕೊಂಡ. “ಬ್ಯಾಡ ಕೂಸೆ,” ಎಂದ. “ಎಣಿಸಬ್ಯಾಡ. ಮಾತು ಕೊಟ್ಟೀವಿ.”